ಮಾಡಗ್ಯಾಳದ ಟಗರು ಮತ್ತು ಇತರರು

ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಜತ್ತ ತಾಲೂಕಿನ ಮಂದಿಗೆ ವಾದ ಮಾಡುವುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಮಳೆ ಬರಲಿಲ್ಲ ಅಂದರೆ ಯಾಕೆ ಬರಲಿಲ್ಲ ಅನ್ನುವುದರ ಮೇಲೆ, ಬಂದರೆ ಬಂದ ಹೊತ್ತಿನ ಮೇಲೆ, ಕೆರೆಗೆ ನೀರು ಬಂದರೆ ಅದು ಯಾವ ಸರ್ಕಾರದ ನೀರು ಎಂಬುದರ ಮೇಲೆ ಕಟ್ಟೆಯವರು ಎರಡು ಪಕ್ಷವಾಗಿ ಹೊತ್ತು ಮುಳುಗುವ ತನಕ ಕಿತ್ತಾಡುತ್ತಾರೆ. ಮುಳುಗಿದ ಮೇಲೆ ಪಕ್ಷ ಬದಲಿಸಿ ಮತ್ತೆ ಶುರು. ಅಂಥ ತಾಲೂಕಿನ ಹುಡುಗನೊಬ್ಬ ವಾದ ಮಾಡುವುದನ್ನು ಕಲಿಯಲು ಫೀ ಕಟ್ಟಿ ಲಾ ಕಾಲೇಜಿಗೆ ಹೋಗುತ್ತಾನೆ ಅಂದರೆ ಊರಿಗೆ ಸೋಜಿಗವಾಗದೆ ಇದ್ದೀತೆ?

ಹೋದವನು ನನ್ನ ತಂಗಿಯ ಮಗ. ಕಾನೂನು ಓದಲು ನಮ್ಮ ಕಡೆಯವರಿಗೆ ದಿಕ್ಕುಗಳ ಬರವಿಲ್ಲ. ಮರಾಠಿಯಲ್ಲಿ ಕಲಿತವನು ಸಾಂಗಲಿಗೋ ಸೋಲಾಪುರಕ್ಕೋ ಹೋಗುತ್ತಾನೆ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಕಲಿತವನು ವಿಜಯಪುರಕ್ಕೋ, 1939ರಷ್ಟು ಹಿಂದೆಯೇ ಲಾ ಕಾಲೇಜು ಕಂಡ ಬೆಳಗಾವಿಗೋ ಬಸ್ ಹತ್ತುತ್ತಾನೆ. ನಮ್ಮವನು ಯಾವ ಕಡೆ ಹೋದ ಅನ್ನುವುದು ಬೇಡ. ದೀಪಾವಳಿ ಸೂಟಿಗೆ ಬಂದವನು ಚೀಲ ಇಳಿಸುವ ಮೊದಲೇ, "ಮಾಮಾ, ನಾ ಮೂಟ್ ಕೋರ್ಟಿಗೆ ಸೆಲೆಕ್ಟ್ ಆಗೀನಿ" ಅಂದ. ಒಳಗೆ ರೊಟ್ಟಿ ಬಡಿಯುತ್ತಿದ್ದ ನಮ್ಮವ್ವನ ಕಿವಿಗೆ ಬಿದ್ದದ್ದು ಕೋರ್ಟು ಅನ್ನುವುದೊಂದೇ.

"ಕೋರ್ಟಿನ ಮೆಟ್ಟಲಾ ಹತ್ತಬ್ಯಾಡಂತ ನಿಮ್ಮಜ್ಜ ಸಾಯೂತನಾ ಬಡಕೊಂಡ. ಈಗ ನೀ ಹೊಂಟಿ?"

"ಆಯಿ, ಅದು ಖರೇ ಕೋರ್ಟ್ ಅಲ್ಲ. ಜಡ್ಜೂ ಖರೇ ಅಲ್ಲ, ಕೇಸೂ ಖರೇ ಅಲ್ಲ. ಕಕ್ಷಿದಾರನಂತೂ ಇಲ್ಲೇ ಇಲ್ಲ."

"ಹಂಗಾದ್ರ ಫೀ ಯಾರು ಕೊಡ್ತಾರೋ?"

"ಫೀ ನಾವ ಕಟ್ಟಬೇಕು, ಆಯಿ."

ಅವ್ವ ಮತ್ತೆ ಮಾತಾಡಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಜೋರಾಯಿತು.

ಅವ್ವನಿಗೆ ತಿಳಿಯದಿದ್ದದ್ದು ನಿಮಗೆ ತಿಳಿದಿರಲಿ ಅಂತ ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಈ ಅಣಕು ನ್ಯಾಯಾಲಯಗಳಲ್ಲಿ ಎರಡು ಜಾತಿ. ಮೂಟ್ ಕೋರ್ಟ್ ಅಂದರೆ ಮೇಲಿನ ಕೋರ್ಟಿನ ಅಣಕು. ಅಲ್ಲಿ ನಡೆದ ಸಂಗತಿಯ ಬಗ್ಗೆ ತಕರಾರಿಲ್ಲ. ಕಾಗದದಲ್ಲಿ ಅಚ್ಚಾಗಿ ಬಂದದ್ದೇ ಸತ್ಯ, ಅದಕ್ಕೆ ಯಾವ ಕಾನೂನು ಅನ್ವಯಿಸುತ್ತದೆ ಎಂಬುದಷ್ಟೇ ವಾದ. ಮಾಕ್ ಟ್ರಯಲ್ ಅಂದರೆ ಕೆಳಗಿನ ಕೋರ್ಟಿನ ಅಣಕು. ಸಾಕ್ಷಿ ಬೇಕು, ಕಟಕಟೆ ಬೇಕು, ಪಾಟಿಸವಾಲು ಬೇಕು, ನಾಟಕ ಬರುವ ಹುಡುಗರು ಬೇಕು. ಮೊದಲನೆಯದರ ದೊಡ್ಡ ಜಾತ್ರೆ ಅಮೆರಿಕದ ಜೆಸಪ್ ಸ್ಪರ್ಧೆ. ಅದು 1960ರಲ್ಲಿ ಶುರುವಾದದ್ದು, ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ಹುಡುಗರು ಅದನ್ನು 1999ರಲ್ಲೂ 2013ರಲ್ಲೂ ಗೆದ್ದುಕೊಂಡು ಬಂದರು. ಎರಡನೆಯ ಜಾತಿಯದರಲ್ಲಿ, ಅಂದರೆ ಅವನು ಮೂಟ್ ಅಂದರೂ ನಿಜದಲ್ಲಿ ಮಾಕ್ ಟ್ರಯಲ್‌ನಲ್ಲಿ, ನಮ್ಮ ಅಳಿಯ ಭಾಗವಹಿಸಿದ್ದು ಯಾವ ಇತಿಹಾಸದಲ್ಲೂ ದಾಖಲಾಗಿಲ್ಲ, ಹಾಗಾಗಿ ನಾನು ಹೇಳುತ್ತಿದ್ದೇನೆ.

ಇದೆಲ್ಲ ಹುಡುಗರ ಹವ್ಯಾಸ ಅಂದುಕೊಳ್ಳಬೇಡಿ. ಬಾರ್ ಕೌನ್ಸಿಲ್ ಆಫ್ ಇಂಡಿಯಾದವರು 2008ರ ನಿಯಮಗಳಲ್ಲಿ ಇದನ್ನು ಪಾಠವಾಗಿಯೇ ಸೇರಿಸಿದ್ದಾರೆ. ಮೂರು ಮೂಟ್ ಮಾಡಬೇಕು, ಒಂದೊಂದಕ್ಕೆ 10 ಅಂಕ: ಬರೆದು ಕೊಟ್ಟದ್ದಕ್ಕೆ 5, ಎದ್ದು ನಿಂತು ಹೇಳಿದ್ದಕ್ಕೆ 5. ನಿಜವಾದ ಕೋರ್ಟಿಗೆ ಹೋಗಿ ವಿಚಾರಣೆ ನೋಡಿ ಬಂದು ಡೈರಿ ಬರೆದರೆ 30. ನೋಡಿ, ಸುಮ್ಮನೆ ಕೂತು ನೋಡಿದವನಿಗೂ ಮೂರು ಸಲ ಎದ್ದು ನಿಂತು ವಾದಿಸಿದವನಿಗೂ ಅಂಕ ಸರಿಸಮ. ಕೋರ್ಟಿನ ಕಟ್ಟೆಯ ಮೇಲೆ ತಾರೀಖಿಗಾಗಿ ಕೂತೇ ಆಯುಷ್ಯ ಕಳೆದ ನಮ್ಮೂರ ಹಿರಿಯರಿಗೆ ಈ ಲೆಕ್ಕದಲ್ಲಿ ಎಷ್ಟು ಪದವಿ ಬರಬೇಕಾಗಿತ್ತೋ.

ಕೊಟ್ಟ ಪಕ್ಷ ಹಿಡಿದು ವಾದಿಸುವುದು ಇಂಗ್ಲಿಷರು ಕಲಿಸಿದ ವಿದ್ಯೆ ಅಂತ ಅಳಿಯನ ನಂಬಿಕೆ. ಲಂಡನ್ನಿನ ವಕೀಲರ ಛತ್ರಗಳಲ್ಲಿ ಊಟವಾದ ಮೇಲೆ ಹೀಗೆ ವಾದ ಮಾಡುತ್ತಿದ್ದರಂತೆ, ನೂರಾರು ವರ್ಷದ ಹಿಂದೆ. ಇರಬಹುದು. ಆದರೆ ಗಡಿಯ ಜಾತ್ರೆಗಳಲ್ಲಿ ಗೀಗೀ ಮೇಳದವರು ಮಾಡುತ್ತ ಬಂದದ್ದೇನು? ಹರದೇಶಿ ಕಡೆಯವರು ಗಂಡೇ ಹೆಚ್ಚು, ಶಿವನೇ ಹೆಚ್ಚು ಅನ್ನಬೇಕು. ನಾಗೇಶಿ ಕಡೆಯವರು ಹೆಣ್ಣೇ ಹೆಚ್ಚು, ಶಕ್ತಿಯೇ ಹೆಚ್ಚು ಅನ್ನಬೇಕು. ಒಬ್ಬರು ಡಪ್ಪು ಬಡಿದು ಸವಾಲು ಹಾಕಿದರೆ ಇನ್ನೊಬ್ಬರು ತುಂತುಣಿ ಮೀಟಿ ಉತ್ತರ ಕೊಡಬೇಕು. ಪುರಾಣದಿಂದ ಆಧಾರ ತೆಗೆದು ಎಸೆಯಬೇಕು. ಆಧಾರ ಇಲ್ಲದ ಮಾತಾಡಿದರೆ ಎದುರು ಮೇಳದವರು ಸಭೆಯಲ್ಲೇ ಮಾನ ಕಳೆಯುತ್ತಾರೆ. ಮರಾಠಿ ಸೀಮೆಯವರು ಇದನ್ನೇ ಕಲಗಿ-ತುರಾ ಅಂತಾರೆ. ರಾತ್ರಿಯಿಡೀ ಗಂಡಿನ ಪರವಾಗಿ ಎದೆ ಬಿರಿಯುವಂತೆ ಹಾಡಿದ ಹರದೇಶಿ ಹಾಡುಗಾರ ಬೆಳಗಾದ ಮೇಲೆ ಹೆಂಡತಿ ಬೈದಳೆಂದು ಅಂಗಡಿಗೆ ಸಕ್ಕರೆ ತರಲು ಓಡಿದ್ದನ್ನು ನಾನೇ ನೋಡಿದ್ದೇನೆ. ಅವನ ಹಾಡು ಸುಳ್ಳಾಯಿತೇ? ಇಲ್ಲ. ಅದು ಅವನಿಗೆ ಬಂದ ಪಕ್ಷ, ಅಷ್ಟೇ.

ಮತ್ತೆ ಅಣಕು ವಿಚಾರಣೆ ಅಂದಕೂಡಲೇ ನನ್ನ ತಲೆಮಾರಿನವರಿಗೆ ನೆನಪಾಗುವುದು ವಿಜಯ ತೆಂಡೂಲ್ಕರರ 'ಶಾಂತತಾ! ಕೋರ್ಟ್ ಚಾಲೂ ಆಹೆ'. ತೆಂಡೂಲ್ಕರರು ಹುಟ್ಟಿದ್ದು ನಮ್ಮ ಪಕ್ಕದ ಕೊಲ್ಹಾಪುರದಲ್ಲಿ, ನಾಟಕ 1967ರದ್ದು. ಹಳ್ಳಿಯೊಂದಕ್ಕೆ ಅಣಕು ಕೋರ್ಟು ಆಡಲು ಬಂದ ಹವ್ಯಾಸಿ ತಂಡ, ಆಟಕ್ಕೆ ಇನ್ನೂ ಹೊತ್ತಿದೆಯಲ್ಲ ಎಂದು ಬೇಸರ ಕಳೆಯಲು ತಮ್ಮಲ್ಲೇ ಒಬ್ಬಳಾದ ಮಿಸ್ ಬೇಣಾರೆಯನ್ನು ಆರೋಪಿ ಮಾಡಿ ಕಟಕಟೆಯಲ್ಲಿ ನಿಲ್ಲಿಸುತ್ತದೆ. ಆಟ ಅಂತ ಶುರುವಾದದ್ದು ಆ ಹೆಣ್ಣುಮಗಳ ಚರ್ಮ ಸುಲಿಯುವ ತನಕ ಹೋಗುತ್ತದೆ. ಅದರಲ್ಲಿ ಪ್ರತಿಯೊಬ್ಬನೂ ತನ್ನ ಪಾತ್ರ ನಿರ್ವಹಿಸುತ್ತಿರುತ್ತಾನೆ, ಯಾರೂ ತಪ್ಪು ಮಾಡುತ್ತಿದ್ದೇನೆ ಅಂದುಕೊಳ್ಳುವುದಿಲ್ಲ. ಲಾ ಕಾಲೇಜುಗಳಲ್ಲಿ ವೃತ್ತಿಧರ್ಮ ಎಂಬ ವಿಷಯಕ್ಕೆ ಪಠ್ಯಪುಸ್ತಕದ ಜೊತೆ ಈ ನಾಟಕವನ್ನೂ ಇಡಬೇಕು ಅನ್ನುವವನು ನಾನು. ನನ್ನನ್ನು ಯಾರೂ ಕೇಳಿಲ್ಲ, ಆ ಮಾತು ಬೇರೆ.

ಅಳಿಯನ ಕೇಸಿಗೆ ಬರೋಣ. ಅದು ಟಗರಿನ ಕೇಸು. ಪ್ರಶ್ನೆಪತ್ರಿಕೆ ತಯಾರಿಸಿದ ಪುಣ್ಯಾತ್ಮರು ಯಾರೋ, ನಮ್ಮ ತಾಲೂಕಿನ ಮಾಡಗ್ಯಾಳದ ಹೆಸರನ್ನೇ ತಂದಿದ್ದರು. ಮಾಡಗ್ಯಾಳ ಕುರಿ ಗೊತ್ತಲ್ಲ? ಬಿಳಿ ಮೈ, ಅದರ ಮೇಲೆ ಕಂದು ಮಚ್ಚೆ, ಜೋಲು ಕಿವಿ, ಗಿಳಿಯ ಕೊಕ್ಕಿನ ಹಾಗೆ ಬಾಗಿದ ಮೂಗು. ಮೂಗು ಬಾಗಿದಷ್ಟೂ ಬೆಲೆ. 2020ರಲ್ಲಿ ಆಟಪಾಡಿಯಲ್ಲಿ ಇಂಥ ಒಂದು ಟಗರಿಗೆ 70 ಲಕ್ಷ ರೂಪಾಯಿ ಕೂಗಿದರೂ ಮಾಲೀಕ ಒಂದೂವರೆ ಕೋಟಿಗೆ ಕಡಿಮೆ ಆಗದೆಂದು ಕೊಡಲಿಲ್ಲ ಅಂತ ಪೇಪರಿನಲ್ಲಿ ಬಂದಿತ್ತು. ನಮ್ಮೂರಲ್ಲಿ ಅದನ್ನು ಓದಿದವರು ಮನೆಯ ಟಗರಿನ ಮೂಗನ್ನು ಒಂದು ವಾರ ತಿರುತಿರುಗಿ ನೋಡಿದರು.

ಸ್ಪರ್ಧೆಯ ಕಥೆ ಇಷ್ಟು: ಒಬ್ಬ ಕುರುಬ ಅಪ್ಪಟ ಮಾಡಗ್ಯಾಳ ಜಾತಿಯದೆಂದು ಹೇಳಿ ಟಗರು ಮಾರಿದ. ಕೊಂಡವನ ಹಿಂಡಿನಲ್ಲಿ ಹುಟ್ಟಿದ ಮರಿಗಳ ಮೂಗು ನೆಟ್ಟಗಿತ್ತು. ಕೊಂಡವನು ದಾವೆ ಹೂಡಿದ. 1930ರ ಸರಕು ಮಾರಾಟ ಕಾಯಿದೆಯ 15ನೇ ಕಲಮು ಹೇಳುತ್ತದೆ, ಹೀಗಿದೆ ಎಂದು ವರ್ಣಿಸಿ ಮಾರಿದ ಸರಕು ಆ ವರ್ಣನೆಗೆ ತಕ್ಕಂತೆ ಇರಬೇಕು ಅಂತ. 16ನೇ ಕಲಮು ಹೇಳುತ್ತದೆ, ಸಾಮಾನ್ಯವಾಗಿ ಗುಣಮಟ್ಟ ನೋಡಿಕೊಳ್ಳುವ ಜವಾಬ್ದಾರಿ ಕೊಳ್ಳುವವನದೇ ಅಂತ. ಒಬ್ಬರಿಗೆ ಒಂದು ಕಲಮು ಸಿಕ್ಕಿತು, ಇನ್ನೊಬ್ಬರಿಗೆ ಇನ್ನೊಂದು. ಟಗರಿಗೆ ಏನೂ ಸಿಗಲಿಲ್ಲ, ಅದನ್ನು ಪಕ್ಷಗಾರನಾಗಿ ಸೇರಿಸಿರಲೇ ಇಲ್ಲ.

ನಮ್ಮವನಿಗೆ ಬಂದದ್ದು ಕುರುಬನ ಪಾತ್ರ, ಅಂದರೆ ಪ್ರತಿವಾದಿಯ ಸಾಕ್ಷಿ. ಕಂಬಳಿ ಹೊದ್ದು ಕಟಕಟೆಗೆ ಹತ್ತಿದ. ಎದುರು ಕಡೆಯ ವಕೀಲೆ ದೊಡ್ಡ ಊರಿನ ಹುಡುಗಿ, ಇಂಗ್ಲಿಷು ಸುರಿಯುತ್ತಿತ್ತು. "ಮಾರುವಾಗ ಟಗರಿನ ವಯಸ್ಸೆಷ್ಟು?" ಅಂದಳು. ಸಾಕ್ಷಿಗೆ ಕೊಟ್ಟ ಹೇಳಿಕೆಯ ಕಾಗದದಲ್ಲಿ ವಯಸ್ಸು ಇರಲಿಲ್ಲ. ನಮ್ಮವನು ಕುರಿ ಕಾದ ಮನೆಯಿಂದ ಬಂದವನು, ಸುಮ್ಮನಿರುತ್ತಾನೆಯೇ? ನಾಲ್ಕು ಹಲ್ಲು ಬಿದ್ದಿತ್ತು, ಅಂಥ ಟಗರನ್ನು ಹಿಂಡಿಗೆ ಬಿಟ್ಟರೆ ಎಂಥ ಮರಿ ಹುಟ್ಟುತ್ತವೆ, ತಾಯಿಕುರಿ ಬೇರೆ ಜಾತಿಯದಾದರೆ ಮೂಗು ಏನಾಗುತ್ತದೆ, ಎಲ್ಲ ಹೇಳಿಬಿಟ್ಟ. ಅದೂ ನಮ್ಮ ಮಾತಿನಲ್ಲಿ, ಕೈ ಕಾಲು ಆಡಿಸಿ. ಹಿಂದೆ ಕೂತ ಹುಡುಗರು ಚಪ್ಪಾಳೆ ತಟ್ಟಿದರು. ನಿಜ ಹೇಳುತ್ತೇನೆ, ಆ ಒಂದು ಉತ್ತರದಲ್ಲೇ ಕೇಸು ಮುಗಿದುಹೋಗಬೇಕಿತ್ತು. ವಾದಿ ತನ್ನ ಕುರಿಗಳ ಜಾತಿ ಹೇಳೇ ಇರಲಿಲ್ಲ.

ಜಡ್ಜು ಸ್ಥಾನದಲ್ಲಿ ಕೂತಿದ್ದ ಹಿರಿಯ ವಕೀಲರು ಅಂಕ ಕಡಿದರು. ಹೇಳಿಕೆಯಲ್ಲಿ ಇಲ್ಲದ್ದನ್ನು ಸಾಕ್ಷಿ ಹುಟ್ಟಿಸಿಕೊಂಡು ಹೇಳುವಂತಿಲ್ಲ, ಅದು ಸ್ಪರ್ಧೆಯ ನೀತಿಗೆ ವಿರುದ್ಧ. "ಆದ್ರ ಸರ್, ಅದು ಖರೇ ಐತ್ರಿ" ಅಂದನಂತೆ ಇವನು. "ಖರೇ ಇದ್ರೂ ಕಾಗದದಾಗ ಇಲ್ಲ" ಅಂದರಂತೆ ಅವರು. ಇಬ್ಬರೂ ಸರಿಯೇ, ಏನು ಮಾಡುವುದು? ಸಾಕ್ಷಿಯ ಬಾಯಿಗೆ ಮಾತು ತುರುಕುವ ಚಾಳಿ ಹುಡುಗರಿಗೆ ಕಾಲೇಜಿನಲ್ಲೇ ಅಂಟಬಾರದೆಂದು ಆ ನಿಯಮ. ಒಳ್ಳೆಯ ನಿಯಮವೇ. ಅದರ ಹೊಡೆತ ಮಾತ್ರ, ಇಡೀ ಹಾಲಿನಲ್ಲಿ ಟಗರಿನ ಹಲ್ಲು ಎಣಿಸಿ ಬಲ್ಲ ಒಬ್ಬನೇ ಒಬ್ಬನಿಗೆ ಬಿತ್ತು.

ವಕೀಲರ ನೀತಿಯ ಮಾತು ಬಂತಲ್ಲ. 1961ರ ಅಡ್ವೊಕೇಟ್ಸ್ ಕಾಯಿದೆಯ ಅಡಿಯಲ್ಲಿ ಬಾರ್ ಕೌನ್ಸಿಲ್ ಮಾಡಿದ ನಡತೆಯ ನಿಯಮಗಳನ್ನು ಅಳಿಯ ಪರೀಕ್ಷೆಗೆಂದು ಗಟ್ಟಿಯಾಗಿ ಓದುತ್ತಿದ್ದಾಗ ನಾನೂ ಕೇಳಿಸಿಕೊಂಡೆ. ಬಲು ರುಚಿಯ ಸಾಹಿತ್ಯ. ಕೇಸಿನಲ್ಲಿ ಬಂದದ್ದರಲ್ಲಿ ಪಾಲು ಕೊಡು ಅಂತ ಫೀ ಗೊತ್ತುಮಾಡಬಾರದು. ಕಕ್ಷಿದಾರ ಅಡ್ಡದಾರಿ ಹಿಡಿದರೆ ತಡೆಯಬೇಕು. ಬ್ಯಾಂಡು ಗೌನು ತೊಟ್ಟು ಕೋರ್ಟಿನ ಹೊರಗೆ ತಿರುಗಬಾರದು. (ಅಳಿಯ ಗುಡ್ಡಾಪುರದ ದಾನಮ್ಮನ ಗುಡಿಯ ಮುಂದೆ ಬಿಳಿ ಬ್ಯಾಂಡು ಕಟ್ಟಿಕೊಂಡು ಫೋಟೊ ತೆಗೆಸಿಕೊಂಡಿದ್ದಾನೆ, ಇನ್ನೂ ವಕೀಲನಾಗಿಲ್ಲವಾದ್ದರಿಂದ ಕಾಯಿದೆ ಮುಟ್ಟುವುದಿಲ್ಲ, ಪಾದಯಾತ್ರೆಗೆ ಬಂದವರು ಮಾತ್ರ ಇವನನ್ನು ಯಾವ ಮಠದ ಸ್ವಾಮಿಗಳೆಂದು ಕೇಳಿದರಂತೆ.) ಇನ್ನೊಂದು ನಿಯಮವಿದೆ, ಜಡ್ಜು ನೆಂಟನಾಗಿದ್ದರೆ ಅವನ ಮುಂದೆ ವಕೀಲ ನಿಲ್ಲಬಾರದು ಅಂತ. ನೆಂಟ ಅಂದರೆ ಯಾರು ಯಾರು ಎಂದು ಉದ್ದದ ಪಟ್ಟಿ: ಅಪ್ಪ, ಅಜ್ಜ, ಮಗ, ಮೊಮ್ಮಗ, ಕಾಕಾ, ಮಾಮಾ, ಅತ್ತೆ, ಮಾವ, ಅಳಿಯ, ಭಾವ, ನಾದಿನಿ, ಹೀಗೆ ಹೋಗುತ್ತದೆ. ಅಕ್ಕನ ಮಗಳನ್ನು ತಂದುಕೊಂಡು, ಮಾಮನ ಮಗಳನ್ನು ಮದುವೆಯಾಗಿ, ಒಬ್ಬನೇ ಮನುಷ್ಯ ಒಂದು ಕಡೆಯಿಂದ ಮಾವ, ಇನ್ನೊಂದು ಕಡೆಯಿಂದ ಭಾವ ಆಗುವ ನಮ್ಮ ಕಡೆ ಈ ಪಟ್ಟಿಯನ್ನು ಬಿಗಿಯಾಗಿ ಹಿಡಿದರೆ ಉಮದಿಯಿಂದ ಸಂಖದವರೆಗೆ ಯಾವ ವಕೀಲನಿಗೂ ಕೆಲಸವಿರದು.

ನನಗೆ ಎಲ್ಲಕ್ಕಿಂತ ಸೊಗಸು ಅನ್ನಿಸಿದ್ದು ಮತ್ತೊಂದು. ಒಂದು ದಾವೆಯಲ್ಲಿ ಒಬ್ಬರಿಗೆ ಸಲಹೆ ಕೊಟ್ಟವನು ಅದೇ ದಾವೆಯಲ್ಲಿ ಎದುರಾಳಿಯ ಪರ ನಿಲ್ಲುವಂತಿಲ್ಲ. ಖರೇ ಕೋರ್ಟಿನಲ್ಲಿ ಇದು ದುರ್ನಡತೆ. ಅಣಕು ಕೋರ್ಟಿನಲ್ಲಿ ಇದೇ ಕಡ್ಡಾಯ: ಮುಂಜಾನೆಯ ಸುತ್ತಿನಲ್ಲಿ ವಾದಿ, ಮಧ್ಯಾಹ್ನದ ಸುತ್ತಿನಲ್ಲಿ ಪ್ರತಿವಾದಿ. ಊಟಕ್ಕೆ ಮುಂಚೆ ಟಗರು ನಕಲಿ, ಊಟದ ನಂತರ ಅಸಲಿ.

ಆದರೆ ವಕೀಲರ ನೀತಿಯನ್ನು ಜೀವಂತ ಕಕ್ಷಿದಾರ ಪಕ್ಕದಲ್ಲಿ ಕೂತಾಗ ಕಾಪಾಡುವುದು ಬೇರೆ ಆಟ. ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ದಕ್ಷಿಣ ಆಫ್ರಿಕದ ಒಂದು ಕೇಸು ಹೇಳಿಕೊಂಡಿದ್ದಾರೆ. ಪಂಚಾಯಿತಿಯ ತೀರ್ಪು ಅವರ ಕಕ್ಷಿದಾರನ ಪರವಾಗಿತ್ತು, ಆದರೆ ಲೆಕ್ಕದಲ್ಲಿ ಖರ್ಚಿನ ಕಡೆ ಇರಬೇಕಾದ ಒಂದು ರಕಮು ಜಮಾದ ಕಡೆ ಸೇರಿತ್ತು. ಎದುರಾಳಿಗೆ ಅದು ಕಂಡಿರಲಿಲ್ಲ. ಹಿರಿಯ ವಕೀಲರು ಸುಮ್ಮನಿರು ಅಂದರು. ಇವರು ಒಪ್ಪಲಿಲ್ಲ. ಹಾಗಾದರೆ ನೀನೇ ವಾದಿಸಿಕೋ ಎಂದು ಹಿರಿಯರು ಹಿಂದೆ ಸರಿದರು. ಗಾಂಧೀಜಿ ತಪ್ಪನ್ನು ತಾವೇ ಎತ್ತಿ ತೋರಿಸಿ, ಕೋರ್ಟಿನ ಸಂಶಯದ ಮಾತು ಕೇಳಿಸಿಕೊಂಡು, ಕಡೆಗೆ ತೀರ್ಪು ಉಳಿಸಿಕೊಂಡರು. ನಮ್ಮ ಹತ್ತಿರದ ಉದಾಹರಣೆ ಬೇಕೆಂದರೆ ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರನ್ನು ನೋಡಿ. ಕೋರ್ಟಿನ ಕಾಗದಗಳ ನಡುವೆಯೇ ಹಳ್ಳಿಹಳ್ಳಿಗೆ ಅಲೆದು ತಾಳೆಗರಿ ಕೂಡಿಹಾಕಿ 1923ರಲ್ಲಿ 'ವಚನಶಾಸ್ತ್ರಸಾರ' ತಂದರು. ವಕೀಲಿಯಲ್ಲಿ ಬಂದ ದುಡ್ಡು ವಚನಗಳ ಅಚ್ಚಿಗೆ ಹೋಯಿತು. ನನಗೆ ತಿಳಿದ ಮಟ್ಟಿಗೆ ಬಸವಣ್ಣನಿಗೆ ಸಿಕ್ಕ ಅತ್ಯುತ್ತಮ ವಕೀಲ ಅವರೇ, ಅದೂ ಫೀ ಇಲ್ಲದೆ.

ಇಷ್ಟೆಲ್ಲ ಹೇಳಿದ ಮೇಲೆ ನಾನು ಅಳಿಯನಿಗೆ ಒಂದು ಸವಾಲು ಹಾಕಿದೆ. "ಟಗರು ಬಿಡಪಾ. ನಮ್ಮ ಗಡಿಯ ಖರೇ ಕೇಸ್ ಒಂದು ಸುಪ್ರೀಂ ಕೋರ್ಟಿನ್ಯಾಗ ಐತಲಾ, ಅದನ್ನ ಯಾಕ ಮೂಟ್ ಮಾಡಬಾರದು?" ಗಡಿಯ ಕೇಸು, 2004ರ ನಾಲ್ಕನೆಯ ಮೂಲ ದಾವೆ, ಮಹಾರಾಷ್ಟ್ರ ವಾದಿ, ಕರ್ನಾಟಕ ಪ್ರತಿವಾದಿ. ಸಂವಿಧಾನದ 131ನೇ ವಿಧಿಯಂತೆ ರಾಜ್ಯ ರಾಜ್ಯಗಳ ಜಗಳ ನೇರ ಅಲ್ಲಿಗೇ ಹೋಗುತ್ತದೆ. ಗಡಿ ಬದಲಿಸುವುದು ಮೂರನೇ ವಿಧಿಯಂತೆ ಸಂಸತ್ತಿನ ಕೆಲಸ, ಕೋರ್ಟಿನದಲ್ಲ ಅನ್ನುವುದು ಕರ್ನಾಟಕದ ತಕರಾರು. ಬೆಳಗಾವಿ, ಕಾರವಾರ, ನಿಪ್ಪಾಣಿ ಸೇರಿ 865 ಊರುಗಳು ನಮ್ಮವು ಅನ್ನುವುದು ಮಹಾರಾಷ್ಟ್ರದ ಪಟ್ಟು. ಮುಖ್ಯ ನ್ಯಾಯಮೂರ್ತಿಯಾಗಿ ನಿವೃತ್ತರಾಗಿದ್ದ ಮೆಹರ್‌ಚಂದ್ ಮಹಾಜನ್ ಅವರ ಆಯೋಗ 1967ರಲ್ಲೇ ವರದಿ ಕೊಟ್ಟಿತ್ತು, ಜತ್ತದ ಹಳ್ಳಿಗಳೂ ಅದರ ಲೆಕ್ಕದಲ್ಲಿದ್ದವು. 2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಜತ್ತದ 40 ಹಳ್ಳಿಗಳು ಕರ್ನಾಟಕ ಸೇರುವ ಠರಾವು ಮಾಡಿವೆ ಅಂದರು. ಮಹಾರಾಷ್ಟ್ರದ ಆಗಿನ ಉಪಮುಖ್ಯಮಂತ್ರಿ ದೇವೇಂದ್ರ ಫಡ್ನವೀಸರು ಅದು 2012ರ ಹಳೆಯ ಠರಾವು, ನೀರಿನ ಸಿಟ್ಟಿಗೆ ಮಾಡಿದ್ದು ಅಂದರು. ಆ ಒಂದು ತಿಂಗಳು ನಮ್ಮ ಊರುಗಳಿಗೆ ಎಷ್ಟು ಟಿವಿ ಗಾಡಿ ಬಂದವೋ, ನೀರಿನ ಟ್ಯಾಂಕರು ಅಷ್ಟು ಬಂದದ್ದು ನೆನಪಿಲ್ಲ.

ನಮ್ಮಪ್ಪ ಹುಟ್ಟಿದ್ದು ಡಫಳೆ ರಾಜರ ಜತ್ತ ಸಂಸ್ಥಾನದಲ್ಲಿ, ಮದುವೆಯಾದದ್ದು ಮುಂಬಯಿ ರಾಜ್ಯದ ದಕ್ಷಿಣ ಸಾತಾರಾ ಜಿಲ್ಲೆಯಲ್ಲಿ, ಹೊಲದ ದಾವೆ ಸೋತದ್ದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿ. ಇಷ್ಟು ಊರು ಸುತ್ತಿದ ಮನುಷ್ಯ ಒಂದು ದಿನವೂ ಮನೆ ಬದಲಿಸಲಿಲ್ಲ.

"ಮಾಮಾ, ಆ ಕೇಸಿನ್ಯಾಗ ನನಗ ಮಹಾರಾಷ್ಟ್ರದ ಪಕ್ಷ ಬಂದ್ರ?" ಅಂದ ಅಳಿಯ. "ಬಂದ್ರೇನು, ಗಟ್ಟ್ಯಾಗಿ ವಾದಾ ಮಾಡು" ಅಂದೆ. ಹರದೇಶಿಯವನು ಸಕ್ಕರೆ ತಂದ ಹಾಗೆ, ಮನೆಗೆ ಬಂದ ಮೇಲೆ ಕನ್ನಡ ಮಾತಾಡಿದರೆ ಆಯಿತಲ್ಲ.

ಆದರೆ ಈ ಎಲ್ಲ ಅಣಕುಗಳಲ್ಲಿ ನಮ್ಮ ಕಡೆಯ ಕೋರ್ಟಿನ ಅತಿ ಮುಖ್ಯ ಮನುಷ್ಯನೇ ಇಲ್ಲವಲ್ಲ ಎಂಬುದು ನನ್ನ ದೂರು. ಜಡ್ಜು ಇದ್ದಾನೆ, ವಕೀಲರಿದ್ದಾರೆ, ಸಾಕ್ಷಿ ಇದ್ದಾನೆ, ಜವಾನನ ಪಾತ್ರಕ್ಕೂ ಒಬ್ಬ ಹುಡುಗ ಕೆಂಪು ಪಟ್ಟಿ ಕಟ್ಟಿ ನಿಂತಿರುತ್ತಾನೆ. ದುಭಾಷಿ ಎಲ್ಲಿ? ಕೆಳಗಿನ ಕೋರ್ಟುಗಳ ಭಾಷೆ ಮಹಾರಾಷ್ಟ್ರದಲ್ಲಿ ಮರಾಠಿ. ತಾಲೂಕಿನ ಮೂಡಣ ಹಳ್ಳಿಗಳಿಂದ ಹೋಗುವ ಮುದುಕನ ಭಾಷೆ ಕನ್ನಡ. ನಡುವೆ ಒಬ್ಬರು ನಿಲ್ಲಲೇಬೇಕು. ನಮ್ಮ ಕಡೆ ಹೇಳುವ ಹಳೆಯ ಕಥೆಯೊಂದಿದೆ, ಎಲ್ಲಿ ನಡೆಯಿತೋ, ನಡೆಯಿತೋ ಇಲ್ಲವೋ. ವಕೀಲ ಕೇಳಿದ, "ಬದು ಒತ್ತಿದ್ದನ್ನು ನೀನು ಕಣ್ಣಾರೆ ನೋಡಿದೆಯಾ?" ಮುದುಕ ಉತ್ತರ ಶುರುಮಾಡಿದ. ಬದು ಹಾಕಿದ ಅಜ್ಜನಿಂದ ಹಿಡಿದು, ಬರಗಾಲದ ವರ್ಷ, ಮಗಳ ಮದುವೆ, ಮಾರಿದ ಎತ್ತು, ನಡುವೆ ಪ್ರತಿವಾದಿಯ ತಂದೆಯ ನಡತೆ, ಕೊನೆಗೆ ಪ್ರಶ್ನೆ ಕೇಳಿದ ವಕೀಲನ ಬುದ್ಧಿಯ ಬಗ್ಗೆಯೂ ನಾಲ್ಕು ಮಾತು. ಜಡ್ಜು ದುಭಾಷಿಯ ಕಡೆ ತಿರುಗಿದರು. ದುಭಾಷಿ ಅಂದ: "ಹೋಯ್, ಸಾಹೇಬ್."

ಈಗ ನೀವೇ ಹೇಳಿ, ಆ ದುಭಾಷಿ ಮಾಡಿದ್ದು ಸರಿಯೇ? ಮುದುಕ ನೋಡಿದ್ದು ಹೌದು. ಕೋರ್ಟಿನ ಹೊತ್ತು ಉಳಿಯಿತು. ಬೈಗುಳ ನುಂಗಿದ್ದರಿಂದ ಮುದುಕನೂ ಉಳಿದ. ಆದರೆ ಬರಗಾಲದ ವರ್ಷದ ಮಾತಿನಲ್ಲೇ ಬದು ಯಾವಾಗ ಸರಿಯಿತು ಎಂಬ ಗುಟ್ಟಿತ್ತಲ್ಲ, ಅದು ಎಲ್ಲಿಗೆ ಹೋಯಿತು? ಇದಕ್ಕಿಂತ ಗಟ್ಟಿ ನೀತಿಯ ಪ್ರಶ್ನೆಯನ್ನು ಯಾವ ಲಾ ಕಾಲೇಜು ಕೇಳಿದೆ? ಸಾಕ್ಷಿ ಮಾತ್ರ ಪ್ರಮಾಣ ಮಾಡುತ್ತಾನೆ ಅಂತ ಸಿನಿಮಾ ನೋಡಿದವರ ನಂಬಿಕೆ. 1969ರ ಪ್ರಮಾಣಗಳ ಕಾಯಿದೆಯ ನಾಲ್ಕನೇ ಕಲಮಿನಂತೆ ದುಭಾಷಿಯೂ ಪ್ರಮಾಣ ಮಾಡಬೇಕು, ಕೇಳಿದ ಪ್ರಶ್ನೆಯನ್ನೂ ಹೇಳಿದ ಉತ್ತರವನ್ನೂ ಸರಿಯಾಗಿ, ಸತ್ಯವಾಗಿ ತಿಳಿಸುತ್ತೇನೆಂದು. ಅದಕ್ಕೆ ಬೇರೆಯೇ ಒಕ್ಕಣೆ ಆ ಕಾಯಿದೆಯ ಕೊನೆಯಲ್ಲಿದೆ. ನಮ್ಮ ಅಳಿಯನಿಗೆ ಈ ಕಲಮು ಗೊತ್ತಿರಲಿಲ್ಲ. ನಾನು ಹೇಳಿದ ಮೇಲೆ ಪುಸ್ತಕ ತೆಗೆದು ನೋಡಿ, "ಐತಿ ಮಾಮಾ" ಅಂದ. ಹಾಗೆ ಅಂದದ್ದು ನನ್ನ ಆಯುಷ್ಯದ ದೊಡ್ಡ ಗೆಲುವು.

ಆದ್ದರಿಂದ ಸಾಂಗಲಿ, ಸೋಲಾಪುರ, ವಿಜಯಪುರ, ಬೆಳಗಾವಿಯ ಕಾಲೇಜುಗಳ ಮೂಟ್ ಕೋರ್ಟ್ ಮಾಸ್ತರರಲ್ಲಿ ಒಂದು ಅರಿಕೆ. ಮುಂದಿನ ವರ್ಷದ ಅಣಕು ವಿಚಾರಣೆಯಲ್ಲಿ ದುಭಾಷಿಗೊಂದು ಪಾತ್ರ ಇಡಿ, ಅದಕ್ಕೆ 10 ಅಂಕ ಇಡಿ. ಪ್ರಮಾಣದ ಒಕ್ಕಣೆ ಕಾಯಿದೆಯಲ್ಲೇ ಸಿದ್ಧವಿದೆ, ಬರೆದುಕೊಂಡರೆ ಸಾಕು. ಪ್ರಶ್ನೆ ಮರಾಠಿಯಲ್ಲಿರಲಿ, ಉತ್ತರ ಕನ್ನಡದಲ್ಲಿರಲಿ. ಸಾಕ್ಷಿ ಹೇಳುವ ಮುದುಕರನ್ನು ಉಮದಿ, ಸಂಖ, ಮಾಡಗ್ಯಾಳದ ಕಟ್ಟೆಗಳಿಂದ ನಾವು ಕಳಿಸಿಕೊಡುತ್ತೇವೆ. ಬಸ್ಸಿನ ಚಾರ್ಜು ಮತ್ತು ಮಧ್ಯಾಹ್ನದ ಊಟ ಮಾತ್ರ ನಿಮ್ಮದು.